ಮೊಣಕೈ ಬಳಿ ಬೈಸೆಪ್ಸ್ ರಜ್ಜು ಕಿತ್ತು ಬಂದರೆ: ಆಪರೇಷನ್ನಿನಿಂದ ಮತ್ತೆ ಚೀಲ ಎತ್ತುವವರೆಗೆ

ಲಾರಿಯಿಂದ 50 ಕೆ.ಜಿ. ಚೀಲ ಇಳಿಸಿಕೊಳ್ಳುವಾಗ, ಜಾರುತ್ತಿದ್ದ ಫ್ರಿಜ್ಜನ್ನು ತಡೆಯಹೋದಾಗ, ಜಿಮ್ಮಿನಲ್ಲಿ ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರದ ಕಂಬಿ ಎತ್ತುವುದು) ಮಾಡುವಾಗ ಮೊಣಕೈಯ ಮಡಿಕೆಯಲ್ಲಿ 'ಫಟ್' ಎಂದು ಏನೋ ಕಿತ್ತು ಬಂದಂತಾಗುತ್ತದೆ. ಮಡಚಿದ ಕೈಯನ್ನು ಭಾರ ಹಠಾತ್ತನೆ ನೇರಕ್ಕೆ ಎಳೆದಾಗ ಆಗುವ ಪೆಟ್ಟು ಇದು. ಹೆಚ್ಚಾಗಿ 40ರಿಂದ 60 ವಯಸ್ಸಿನ ಗಂಡಸರಿಗೆ, ಅದರಲ್ಲೂ ಅವರ ಬಳಕೆಯ ಕೈಗೆ ಆಗುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಹಲವು ಪಟ್ಟು ಹೆಚ್ಚು. ಮೈ ಕಟ್ಟಲು ಸ್ಟೀರಾಯ್ಡ್ ಚುಚ್ಚಿಸಿಕೊಳ್ಳುವವರಿಗೂ ಅಷ್ಟೇ; ಅವರ ಸ್ನಾಯು ಬೆಳೆದಷ್ಟು ಬೇಗ ಅದನ್ನು ಮೂಳೆಗೆ ಕಟ್ಟುವ ರಜ್ಜು ಗಟ್ಟಿಯಾಗುವುದಿಲ್ಲ.

ಊರಲ್ಲಿ ಇದಕ್ಕೆ 'ನರ ಕಟ್ಟಾಗಿದೆ' ಎನ್ನುತ್ತಾರೆ. ನರ ಬೇರೆ, ಇದು ಬೇರೆ. ರಟ್ಟೆಯ ಮುಂಭಾಗದ ಬೈಸೆಪ್ಸ್ ಸ್ನಾಯು ಕೆಳಗೆ ಬರುತ್ತಾ ಹಗ್ಗದಂಥ ರಜ್ಜುವಾಗಿ, ಮುಂಗೈಯ ಎರಡು ಮೂಳೆಗಳಲ್ಲಿ ಹೆಬ್ಬೆರಳಿನ ಕಡೆಗಿರುವ ರೇಡಿಯಸ್ಸಿನ ಒಂದು ಉಬ್ಬಿಗೆ ಅಂಟಿಕೊಂಡಿರುತ್ತದೆ. ಅಲ್ಲಿಂದ ಕಿತ್ತು ಬರುವುದೇ ಈ ಲೇಖನದ ವಿಷಯ. ಇದೇ ಸ್ನಾಯುವಿನ ಮೇಲಿನ ತುದಿ ಭುಜದಲ್ಲಿ ಹರಿಯುವುದುಂಟು. ಅದು ಬೇರೆಯೇ ಕಥೆ: ವಯಸ್ಸಾದವರಲ್ಲಿ ಹೆಚ್ಚು, ರಟ್ಟೆಯ ಕೆಳಭಾಗದಲ್ಲಿ ಉಂಡೆ ಕಾಣುತ್ತದೆ, ಬಹುಪಾಲು ಜನರಿಗೆ ಆಪರೇಷನ್ ಬೇಕಾಗುವುದಿಲ್ಲ. ಮೊಣಕೈ ಬಳಿ ಹರಿದರೆ ಸ್ನಾಯು ಮೇಲಕ್ಕೆ ಸರಿದು, ಉಂಡೆ ಮೇಲೆ ನಿಲ್ಲುತ್ತದೆ.

ಕೈ ಮಡಚಲು ಬಂದರೂ ನಂಬಬೇಡಿ

ಕಿತ್ತ ಒಂದು ವಾರದೊಳಗೆ ನೋವು ಇಳಿಯುತ್ತದೆ. ಮೊಣಕೈಯೂ ಮಡಚುತ್ತದೆ, ಯಾಕೆಂದರೆ ಮಡಚುವ ಮುಖ್ಯ ಕೆಲಸ ಬೈಸೆಪ್ಸಿನದಲ್ಲ, ಅದರಡಿಯಲ್ಲಿರುವ ಬ್ರೇಕಿಯಾಲಿಸ್ ಎಂಬ ಸ್ನಾಯುವಿನದು. ಹಾಗಾಗಿ 'ಉಳುಕು' ಎಂದುಕೊಂಡು ಎಣ್ಣೆ ತಿಕ್ಕಿಸಿ, ಪಟ್ಟು ಹಾಕಿಸಿ ತಿಂಗಳು ಕಳೆಯುವವರೇ ಹೆಚ್ಚು. ಬೈಸೆಪ್ಸ್ ನಿಜವಾಗಿ ದುಡಿಯುವುದು ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವಾಗ: ಬಲಗೈಯಲ್ಲಿ ಸ್ಕ್ರೂ ಬಿಗಿಯುವ ತಿರುವು, ಮುದ್ದೆ ಕೋಲಿನಲ್ಲಿ ತಿರುವುವ ಶಕ್ತಿ. ಸರಿಪಡಿಸದೆ ಬಿಟ್ಟರೆ ಈ ತಿರುಗುವ ಬಲದಲ್ಲಿ 40ರಿಂದ 50 ಶೇಕಡಾ, ಮಡಚುವ ಬಲದಲ್ಲಿ ಸುಮಾರು 30 ಶೇಕಡಾ ಖಾಯಂ ಆಗಿ ಹೋಗುತ್ತದೆ. ಒಂದು ಸಲ ಎತ್ತಲು ಆಗಬಹುದು, ಆದರೆ ದಿನವಿಡೀ ಅದೇ ಕೆಲಸ ಮಾಡಿದರೆ ಕೈ ಬೇಗ ಸೋಲುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಮೊದಲು ಪೆಟ್ಟಾಗದ ಕೈಯಲ್ಲಿ ಮಾಡಿ, ಸಹಜವಾದದ್ದು ಹೇಗಿರುತ್ತದೆಂದು ಬೆರಳಿಗೆ ಗೊತ್ತಾಗಲಿ. ಮೊಣಕೈಯನ್ನು 90 ಡಿಗ್ರಿ ಮಡಚಿ, ಅಂಗೈ ನಿಮ್ಮ ಮುಖದ ಕಡೆ ಬರುವಂತೆ ಬಲವಾಗಿ ತಿರುಗಿಸಿ ಹಿಡಿಯಿರಿ. ಇನ್ನೊಂದು ಕೈಯ ತೋರುಬೆರಳನ್ನು ಮೊಣಕೈ ಮಡಿಕೆಯ ಹೊರಬದಿಯಿಂದ, ಅಂದರೆ ಹೆಬ್ಬೆರಳಿನ ಕಡೆಯಿಂದ ತಂದು ಕೊಕ್ಕೆಯಂತೆ ಒಳಗೆ ಹಾಕಿ. ಬಿಗಿಯಾದ ಹಗ್ಗದಂಥದ್ದು ಸಿಕ್ಕಿ, ಅದರ ಹಿಂದೆ ಬೆರಳು ಸುಮಾರು 1 ಸೆಂಟಿಮೀಟರ್ ಹೋದರೆ ರಜ್ಜು ಜಾಗದಲ್ಲಿದೆ. ಪೆಟ್ಟಾದ ಕೈಯಲ್ಲಿ ಏನೂ ಸಿಗದಿದ್ದರೆ ಪೂರ್ತಿ ಕಿತ್ತಿದೆ ಎಂದೇ ತಿಳಿದು ಮೂಳೆ ವೈದ್ಯರ ಬಳಿ ಹೋಗಿ. ಒಳಬದಿಯಿಂದ ಬೆರಳು ಹಾಕಿದರೆ ಮೋಸಹೋಗುತ್ತೀರಿ: ಅಲ್ಲಿ ಲಾಸರ್ಟಸ್ ಎಂಬ ತೆಳು ಪೊರೆಯೊಂದಿದೆ, ರಜ್ಜು ಕಿತ್ತರೂ ಅದು ಉಳಿದುಕೊಂಡು ಹಗ್ಗದಂತೆಯೇ ಕೈಗೆ ಸಿಗುತ್ತದೆ. ಸ್ನಾಯು ಮೇಲಕ್ಕೆ ಸರಿಯದಂತೆ ಹಿಡಿದಿಟ್ಟು ಉಂಡೆ ಕಾಣದಂತೆ ಮಾಡುವುದೂ ಅದೇ.

ಹಗ್ಗ ಸಿಕ್ಕುತ್ತದೆ, ಆದರೆ ತಿರುಗಿಸಿದರೆ ನೋವು ಎಂದರೆ ಅರ್ಧ ಹರಿದಿರಬಹುದು. ಇಲ್ಲಿ ಎಂಆರ್‌ಐ ಬೇಕಾಗುತ್ತದೆ. ಅರ್ಧಕ್ಕಿಂತ ಕಡಿಮೆ ಹರಿದಿದ್ದರೆ ಸಾಮಾನ್ಯವಾಗಿ ಮೊದಲು ವಿಶ್ರಾಂತಿ, ಫಿಸಿಯೋಥೆರಪಿ. ಕೆಲವು ತಿಂಗಳಾದರೂ ನೋವು ಬಿಡದಿದ್ದರೆ ಆಪರೇಷನ್. ಎಕ್ಸ್‌ರೇಯಲ್ಲಿ ರಜ್ಜು ಕಾಣುವುದಿಲ್ಲ. 'ಎಕ್ಸ್‌ರೇ ನಾರ್ಮಲ್' ಎಂಬ ಚೀಟಿ ಹಿಡಿದು ನೆಮ್ಮದಿಯಾಗಿ ಮನೆಗೆ ಬರಬೇಡಿ.

ಎರಡರಿಂದ ಮೂರು ವಾರದ ಲೆಕ್ಕ

ಕಿತ್ತ ರಜ್ಜು ಇದ್ದಲ್ಲೇ ಇರುವುದಿಲ್ಲ. ದಿನ ಕಳೆದಂತೆ ಮೇಲಕ್ಕೆ ಸರಿಯುತ್ತದೆ, ಸುರುಳಿ ಸುತ್ತಿಕೊಳ್ಳುತ್ತದೆ, ಸುತ್ತಲಿನ ಮಾಂಸಕ್ಕೆ ಅಂಟುತ್ತದೆ, ಅದು ಹಾದುಹೋಗುತ್ತಿದ್ದ ದಾರಿಯೂ ಮುಚ್ಚಿಕೊಳ್ಳುತ್ತದೆ. ಎರಡು ಮೂರು ವಾರದೊಳಗೆ ಮಾಡಿದರೆ ಚಿಕ್ಕ ಸೀಳಿನಲ್ಲಿ ಸುಲಭವಾಗಿ ಮುಗಿಯುವ ಕೆಲಸ, ಆರು ವಾರ ದಾಟಿದರೆ ದೊಡ್ಡ ಸೀಳು, ನರಗಳ ಸುತ್ತ ಬಿಡಿಸುವ ಕಷ್ಟ, ಕೆಲವೊಮ್ಮೆ ತೊಡೆಯ ಹಿಂಭಾಗದಿಂದ ರಜ್ಜು ತೆಗೆದು ಜೋಡಿಸುವ ಹಂತಕ್ಕೂ ಹೋಗುತ್ತದೆ. ತಡವಾದ ಕೈಗೂ ಚಿಕಿತ್ಸೆ ಇದೆ, ಆದರೆ ಬಿಲ್ಲೂ ಚೇತರಿಕೆಯ ದಿನಗಳೂ ಬೆಳೆಯುತ್ತವೆ.

ಎಲ್ಲರಿಗೂ ಆಪರೇಷನ್ ಕಡ್ಡಾಯವಲ್ಲ. ವಯಸ್ಸಾದವರು, ಭಾರದ ಕೆಲಸವಿಲ್ಲದವರು, ಹೃದಯದ ತೊಂದರೆಯಿಂದ ಅರಿವಳಿಕೆ ಅಪಾಯವಾಗಬಲ್ಲವರು ಹಾಗೇ ಬಿಟ್ಟು ವ್ಯಾಯಾಮದಿಂದ ಬದುಕು ನಡೆಸಬಹುದು. ಆದರೆ ಅದು ಲೆಕ್ಕ ಹಾಕಿ ಮಾಡಿದ ತೀರ್ಮಾನವಾಗಿರಬೇಕು, ತಡವಾಗಿದ್ದರಿಂದ ಆದದ್ದಲ್ಲ.

ಆಪರೇಷನ್ನಿಗೆ ಮುಂಚೆ

ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ನಾಟಿ ಔಷಧಿ, ಜಿಮ್ಮಿನ ಪುಡಿ ಅಥವಾ ಚುಚ್ಚುಮದ್ದು ಏನೇ ಇದ್ದರೂ ಹೇಳಿ. ಸ್ಟೀರಾಯ್ಡ್ ವಿಷಯ ಮುಚ್ಚಿಡುವವರು ಬಹಳ. ಅರಿವಳಿಕೆ ಕೊಡುವವರಿಗೆ ಅದು ಗೊತ್ತಿರಲೇಬೇಕು. ಸಿಗರೇಟು ಅಂದೇ ನಿಲ್ಲಿಸಿ, ಕನಿಷ್ಠ ಮೂರು ತಿಂಗಳು ಮುಟ್ಟಬೇಡಿ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ರಜ್ಜುವಿಗೆ ಮೊದಲೇ ರಕ್ತ ಕಡಿಮೆ.

ವೈದ್ಯರನ್ನು ಕೇಳಬೇಕಾದದ್ದು ಇಷ್ಟು: ಒಂದು ಸೀಳೋ ಎರಡೋ, ರಜ್ಜುವನ್ನು ಯಾವುದರಿಂದ ಕೂರಿಸುತ್ತೀರಿ, ಆಪರೇಷನ್ ಆದ ಮೇಲೆ ಎಷ್ಟು ಡಿಗ್ರಿಯವರೆಗೆ ಕೈ ನೇರ ಮಾಡಬಹುದು, ಇಂಥ ಕೈಗಳನ್ನು ವರ್ಷಕ್ಕೆ ಎಷ್ಟು ಮಾಡುತ್ತೀರಿ. ಕೊನೆಯ ಪ್ರಶ್ನೆಗೆ ಸಂಕೋಚ ಬೇಡ. ಮಂಡಿ ಆಪರೇಷನ್ನಿನಷ್ಟು ಇದು ಸಾಮಾನ್ಯವಲ್ಲ.

ವಿಮೆ ಇದ್ದರೆ ಮೊದಲೇ ಅನುಮತಿ ಪಡೆದು, ಬಿಡುಗಡೆಯಾಗುವಾಗ ರಜ್ಜು ಕೂರಿಸಲು ಒಳಗೆ ಹಾಕಿದ ಲೋಹದ ತುಣುಕಿನ ರಸೀದಿ ಮತ್ತು ಅದರ ಡಬ್ಬಿಯ ಸ್ಟಿಕರ್ ಕೇಳಿ ಇಟ್ಟುಕೊಳ್ಳಿ. ಕ್ಲೇಮಿನಲ್ಲಿ ಇದು ಇಲ್ಲದೆ ಕಡತ ವಾಪಸ್ ಬರುವುದುಂಟು.

ಉಂಗುರ, ಕಡಗ, ಕೈಗೆ ಕಟ್ಟಿದ ದಾರ ಮನೆಯಲ್ಲೇ ತೆಗೆದಿಡಿ. ದೇವರ ದಾರವೆಂದು ಬಿಟ್ಟರೆ ಕೈ ಊದಿದಾಗ ಅದೇ ಬಿಗಿದುಕೊಳ್ಳುತ್ತದೆ. ಊಟ 6 ಗಂಟೆ ಮುಂಚೆ ನಿಲ್ಲಬೇಕು, ಬರೀ ನೀರು ಸಾಮಾನ್ಯವಾಗಿ 2 ಗಂಟೆ ಮುಂಚಿನವರೆಗೆ.

ಒಳಗೆ ಏನು ಮಾಡುತ್ತಾರೆ

ಕುತ್ತಿಗೆ ಅಥವಾ ಕಂಕುಳ ಬಳಿ ಚುಚ್ಚಿ ಕೈಯೊಂದನ್ನೇ ಮರಗಟ್ಟಿಸುತ್ತಾರೆ, ಅಥವಾ ಪೂರ್ತಿ ಅರಿವಳಿಕೆ ಕೊಡುತ್ತಾರೆ, ಕೆಲವೊಮ್ಮೆ ಎರಡೂ. ಕೆಲಸ ಒಂದರಿಂದ ಒಂದೂವರೆ ಗಂಟೆ.

ಈಗ ಹೆಚ್ಚು ಬಳಕೆಯಲ್ಲಿರುವುದು ಮುಂಭಾಗದ ಒಂದೇ ಸೀಳು. ಸರಿದುಹೋದ ರಜ್ಜುವಿನ ತುದಿಯನ್ನು ಹುಡುಕಿ ಹೊರತಂದು, ಸತ್ತ ಭಾಗವನ್ನು ಕತ್ತರಿಸಿ, ಗಟ್ಟಿ ದಾರದಿಂದ ಜಡೆ ಹೆಣೆದಂತೆ ಹೊಲಿಯುತ್ತಾರೆ. ಅಂಗೈ ಪೂರ್ತಿ ಮೇಲಾಗುವಂತೆ ಕೈ ತಿರುಗಿಸಿ ಹಿಡಿದು, ರೇಡಿಯಸ್ ಮೂಳೆಯ ಈಚೆ ಗೋಡೆಯಲ್ಲಿ ರಜ್ಜು ಕೂರುವಷ್ಟು, ಸುಮಾರು 7–8 ಮಿಲಿಮೀಟರ್ ತೂತು, ಆಚೆ ಗೋಡೆಯಲ್ಲಿ ಸಣ್ಣ ತೂತು ಕೊರೆಯುತ್ತಾರೆ. ಸುಮಾರು 12 ಮಿಲಿಮೀಟರ್ ಉದ್ದದ ಟೈಟಾನಿಯಂ ಗುಂಡಿಯನ್ನು ಉದ್ದುದ್ದಕ್ಕೆ ಆಚೆ ದಾಟಿಸಿ ಅಡ್ಡ ತಿರುಗಿಸುತ್ತಾರೆ. ಅಂಗಿಯ ಗುಂಡಿ ಕಾಜದಲ್ಲಿ ನಿಲ್ಲುವ ಉಪಾಯವೇ. ದಾರ ಎಳೆದಂತೆ ರಜ್ಜು ತೂತಿನೊಳಗೆ ಇಳಿದು ಕೂರುತ್ತದೆ. ಗುಂಡಿಯ ಜೊತೆ ಒಂದು ಚಿಕ್ಕ ಸ್ಕ್ರೂ ಹಾಕುವವರೂ ಇದ್ದಾರೆ, ಗುಂಡಿಯ ಬದಲು ಮೂಳೆಗೆ ಆಂಕರ್ (ದಾರ ಕಟ್ಟಿದ ಪುಟ್ಟ ಮೊಳೆಯಂಥದ್ದು) ಹೂಳುವವರೂ ಇದ್ದಾರೆ. ಕೈ ಚೆನ್ನಾಗಿ ಪಳಗಿದ ವಿಧಾನವೇ ಆ ವೈದ್ಯರ ಮಟ್ಟಿಗೆ ಒಳ್ಳೆಯದು.

ಎರಡು ಸೀಳಿನ ವಿಧಾನದಲ್ಲಿ ಮುಂಗೈಯ ಹಿಂಬದಿಯಲ್ಲಿ ಇನ್ನೊಂದು ಸೀಳಿರುತ್ತದೆ. ರಜ್ಜು ತನ್ನ ಮೂಲ ಜಾಗಕ್ಕೆ ಹೆಚ್ಚು ಹತ್ತಿರ ಕೂರುತ್ತದೆ, ಆದರೆ ಎರಡು ಮೂಳೆಗಳ ನಡುವೆ ಬೇಡದ ಮೂಳೆ ಬೆಳೆಯುವ ಭಯ ಇಲ್ಲಿ ಜಾಸ್ತಿ. ಒಂದು ಸೀಳಿನಲ್ಲಿ ಚರ್ಮದ ನರವೊಂದು ಎಳೆತಕ್ಕೆ ಸಿಕ್ಕಿ ಮುಂಗೈಯ ಹೆಬ್ಬೆರಳ ಬದಿ ಮರಗಟ್ಟುವುದು ಜಾಸ್ತಿ. ಈ ಮರಗಟ್ಟುವಿಕೆ ಬಹುತೇಕ ಕೆಲವು ವಾರದಿಂದ ಆರು ತಿಂಗಳೊಳಗೆ ತಾನಾಗಿ ಇಳಿಯುತ್ತದೆ. ಬಲಕ್ಕೂ ಅದಕ್ಕೂ ಸಂಬಂಧವಿಲ್ಲ.

ಮೊದಲ ಮೂರು ದಿನ

ಮರಗಟ್ಟಿಸಿದ್ದು 8ರಿಂದ 18 ಗಂಟೆಯೊಳಗೆ ಬಿಡುತ್ತದೆ, ಅದೂ ಬಹಳ ಸಲ ಮಧ್ಯರಾತ್ರಿಯಲ್ಲಿ. ಬೆರಳ ತುದಿ ಜುಮ್ಮೆನ್ನಲು ಶುರುವಾದ ಕೂಡಲೇ ಬರೆದುಕೊಟ್ಟ ನೋವಿನ ಮಾತ್ರೆ ತೆಗೆದುಕೊಳ್ಳಿ. ನೋವು ಏರಿದ ಮೇಲೆ ಇಳಿಸುವುದು ಕಷ್ಟ. ಅಲ್ಲಿಯವರೆಗೆ ಕೈ ನಿಮ್ಮದಲ್ಲ ಎಂದೇ ತಿಳಿಯಿರಿ: ಜೋಳಿಗೆಯಲ್ಲಿರಲಿ, ಬಿಸಿ ಪಾತ್ರೆಯ ಹತ್ತಿರ ಸುಳಿಯಬೇಡಿ. ಮಲಗಿದಾಗ ಅಂಗಾತ ಮಲಗಿ, ಎರಡು ದಿಂಬಿನ ಮೇಲೆ ಕೈ ಎದೆಗಿಂತ ಎತ್ತರದಲ್ಲಿರಲಿ. ಎಚ್ಚರವಿದ್ದಾಗ ಗಂಟೆಗೆ 10 ಸಲ ಮುಷ್ಟಿ ಕಟ್ಟಿ ಬಿಚ್ಚಿ.

ಮರಗಟ್ಟಿದ್ದು ಪೂರ್ತಿ ಬಿಟ್ಟ ಮೇಲೆ ಹೆಬ್ಬೆರಳನ್ನು 'ಸೈ' ಎನ್ನುವಂತೆ ಎತ್ತಿ, ಬೆರಳುಗಳನ್ನು ಬುಡದಿಂದ ನೇರ ಮಾಡಿ ನೋಡಿ. ಆಗದಿದ್ದರೆ ಅಂದೇ ವೈದ್ಯರಿಗೆ ತಿಳಿಸಿ. ಬೆರಳು ಬಿಚ್ಚಿಸುವ ನರ ರೇಡಿಯಸ್ಸನ್ನು ಸುತ್ತಿಕೊಂಡು ಹೋಗುತ್ತದೆ, ಎಳೆತದಿಂದ ಸುಸ್ತಾಗಬಹುದು. ಅಪರೂಪ, ಹೆಚ್ಚಿನವು ತಿಂಗಳುಗಳಲ್ಲಿ ಸರಿಹೋಗುತ್ತವೆ, ಆದರೂ ಮೊದಲ ದಿನವೇ ದಾಖಲಾಗಬೇಕು.

ಮುಂಗೈಯವರೆಗೆ ನೀಲಿ, ಆಮೇಲೆ ಹಳದಿ ಹಸಿರು ಬಣ್ಣ ಇಳಿದರೆ ಹೆದರಬೇಡಿ. ಹೆದರಬೇಕಾದದ್ದು ಬೇರೆ: ಮಾತ್ರೆಗೆ ಬಗ್ಗದೆ ಏರುತ್ತಲೇ ಇರುವ ನೋವು, ಬೇರೆಯವರು ಬೆರಳು ಬಿಚ್ಚಿದರೆ ಚೀರುವಷ್ಟು ಹೆಚ್ಚುವ ನೋವು, ಬಿಳಿಚಿದ ಅಥವಾ ತಣ್ಣಗಾದ ಬೆರಳು. ಪಟ್ಟಿ ಬಿಗಿಯಾಗಿದೆ ಅಥವಾ ಒಳಗೆ ಒತ್ತಡ ಏರಿದೆ ಎಂದರ್ಥ. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಕೆಲವು ದಿನದ ಮೇಲೆ 100.4 ಫ್ಯಾರನ್‌ಹೀಟ್ ದಾಟಿದ ಜ್ವರ, ಗಾಯದಲ್ಲಿ ಕೀವು ಕಂಡರೂ ಅಷ್ಟೇ.

ಒಂದೇ ಕೈಯ ಮನೆವಾರ್ತೆ

ಆಸ್ಪತ್ರೆಯ ಚೀಟಿಯಲ್ಲಿ ಇದನ್ನು ಬರೆಯುವುದಿಲ್ಲ. 90 ಡಿಗ್ರಿಯಲ್ಲಿ ಪಟ್ಟಿ ಹಾಕಿದ ಕೈ ಬಾಯಿಗೆ ತಲುಪುವುದಿಲ್ಲ. ಬಲಗೈ ಆದರೆ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುವುದೇ ಗತಿ. ಚಪಾತಿ ಹರಿಯಲು ಎರಡು ಕೈ ಬೇಕು, ಅನ್ನ, ಉಪ್ಪಿಟ್ಟು, ಚಿತ್ರಾನ್ನ ಸುಲಭ. ಎಡಗೈ ಆದರೆ ಊಟಕ್ಕೆ ತೊಂದರೆಯಿಲ್ಲ, ಶೌಚಕ್ಕೆ ತೊಂದರೆ: ಕೈಪಂಪಿನಂಥ ಜೆಟ್ ಸ್ಪ್ರೇ ಬಲಬದಿಯ ಗೋಡೆಗೆ ಮೊದಲೇ ಹಾಕಿಸಿಕೊಳ್ಳಿ. ಪಂಚೆ, ಲುಂಗಿ ಒಂದು ಕೈಯಲ್ಲಿ ಕಟ್ಟಲಾಗದು, ಎಲಾಸ್ಟಿಕ್ ಸೊಂಟದ ಪ್ಯಾಂಟು ಇರಲಿ. ಅಂಗಿ ಮುಂದೆ ಗುಂಡಿಯಿರುವ ಸಡಿಲ ಅರೆತೋಳಿನದು. ತೊಡುವಾಗ ಆಪರೇಷನ್ ಆದ ಕೈ ಮೊದಲು, ತೆಗೆಯುವಾಗ ಕೊನೆಗೆ. ಸ್ನಾನಕ್ಕೆ ಉದ್ದದ ಪ್ಲಾಸ್ಟಿಕ್ ಚೀಲ ಎಳೆದು ರಟ್ಟೆಯಲ್ಲಿ ಟೇಪ್ ಸುತ್ತಿ. ಹೊಲಿಗೆ 10ರಿಂದ 14ನೇ ದಿನಕ್ಕೆ ಬಿಚ್ಚುತ್ತಾರೆ.

ಮೇಜಿನ ಕೆಲಸದವರು ಒಂದೆರಡು ವಾರದಲ್ಲಿ ಕಚೇರಿಗೆ ಮರಳಬಹುದು, ಬ್ರೇಸ್ (ಮೊಣಕೈಗೆ ಕಟ್ಟುವ ಆಧಾರ) ಹಾಕಿಕೊಂಡೇ ಬೆರಳಿನಿಂದ ಟೈಪ್ ಮಾಡಬಹುದು. ಹಮಾಲಿ, ಗಾರೆ ಕೆಲಸ, ಗ್ಯಾರೇಜು ಎಂದರೆ ನಾಲ್ಕರಿಂದ ಆರು ತಿಂಗಳ ಲೆಕ್ಕ ಇಟ್ಟುಕೊಂಡು ಮನೆಯ ಖರ್ಚು ಯೋಚಿಸಿ.

2ರಿಂದ 6ನೇ ವಾರ: ನೋವಿಲ್ಲದ ಅಪಾಯ

ಮತ್ತೆ ಕಿತ್ತು ಬರುವುದು ಕೆಲವೇ ಜನಕ್ಕೆ, ಆದರೆ ಬಂದರೆ ಹೆಚ್ಚಾಗಿ ಈ ಆರಂಭದ ವಾರಗಳಲ್ಲೇ. ಕಾರಣ ಸರಳ: ಈಗ ರಜ್ಜುವನ್ನು ಹಿಡಿದಿರುವುದು ಗುಂಡಿ ಮತ್ತು ದಾರ, ಮೂಳೆಯಲ್ಲ. ಮೂಳೆ ರಜ್ಜುವನ್ನು ಒಂದಿಷ್ಟು ಕಚ್ಚಿಕೊಳ್ಳಲು ಆರು ವಾರ, ಭಾರ ಹೊರುವಷ್ಟು ಹಿಡಿಯಲು ಹನ್ನೆರಡು ವಾರ ಬೇಕು. ನೋವು ಮಾತ್ರ ಮೂರನೇ ವಾರಕ್ಕೇ ಹೋಗಿರುತ್ತದೆ. ಕೀಳುವುದು ಸಾಮಾನ್ಯವಾಗಿ ದೊಡ್ಡ ಸಾಹಸದಲ್ಲಲ್ಲ: ಬಸ್ಸಿನ ಕಂಬಿ ಹಿಡಿದು ನಿಂತಾಗ ಬ್ರೇಕ್ ಬಿದ್ದದ್ದು, ವಾಲಿದ ಬೈಕನ್ನು ಹಿಡಿದದ್ದು, ಓಡಿಬಂದ ಮಗುವನ್ನು ಎತ್ತಿಕೊಂಡದ್ದು, ಸ್ನಾನದ ಮನೆಯಲ್ಲಿ ಜಾರಿ ನಲ್ಲಿ ಹಿಡಿದದ್ದು.

ಪಟ್ಟಿ ತೆಗೆದ ಮೇಲೆ ಕೀಲಿರುವ ಬ್ರೇಸ್ ಹಾಕುತ್ತಾರೆ. ಕೈ ಎಷ್ಟು ನೇರವಾಗಬಹುದೆಂದು ಅದರ ಮುಳ್ಳಿನಲ್ಲಿ ನಿಗದಿ ಮಾಡುತ್ತಾರೆ, ಉದಾಹರಣೆಗೆ 45 ಡಿಗ್ರಿಗೆ ಶುರು ಮಾಡಿ ವಾರಕ್ಕೆ 10–15 ಡಿಗ್ರಿಯಂತೆ ಬಿಡುತ್ತಾ ಆರನೇ ವಾರಕ್ಕೆ ಪೂರ್ತಿ ನೇರ. ರಜ್ಜು ಎಷ್ಟು ಬಿಗಿಯಾಗಿ ಕೂತಿದೆ ಎಂಬುದನ್ನು ಆಪರೇಷನ್ನಿನಲ್ಲಿ ಕಂಡವರು ವೈದ್ಯರು; ಆ ಅಂಕಿ ಅವರೇ ಹೇಳಬೇಕು. ಮುಳ್ಳನ್ನು ನೀವಾಗಿ ತಿರುಗಿಸಬೇಡಿ, ಪಕ್ಕದ ಮನೆಯವರ ಅಂಕಿಯನ್ನೂ ನೋಡಬೇಡಿ.

ವ್ಯಾಯಾಮದ ಸೂತ್ರ ಒಂದೇ: ಬೈಸೆಪ್ಸ್ ಮಾಡಬೇಕಾದ ಕೆಲಸವನ್ನು ಇನ್ನೊಂದು ಕೈ ಮಾಡಲಿ, ಅದರ ವಿರುದ್ಧದ ಕೆಲಸವನ್ನು ಈ ಕೈಯೇ ಮಾಡಲಿ. ಒಳ್ಳೆಯ ಕೈಯಿಂದ ಮಣಿಕಟ್ಟು ಹಿಡಿದು ಮಡಚಿ. ನೇರ ಮಾಡುವಾಗ ಮಿತಿಯವರೆಗೆ ತಾನಾಗಿ ಹೋಗಲಿ. ಮೊಣಕೈಯನ್ನು 90 ಡಿಗ್ರಿಯಲ್ಲಿಟ್ಟು, ಒಳ್ಳೆಯ ಕೈಯಿಂದ ಅಂಗೈ ಮೇಲೆ ತಿರುಗಿಸಿ. ಕೆಳಮುಖ ತಾನಾಗಿ ಬರಲಿ. ತಲಾ 10 ಸಲ, ದಿನಕ್ಕೆ 4–5 ಬಾರಿ. ಭುಜ ಹಿಡಿದುಕೊಳ್ಳದಂತೆ ಹೆಗಲನ್ನು ಎತ್ತಿ ಇಳಿಸಿ, ಬೆನ್ನಿನ ರೆಕ್ಕೆಯ ಮೂಳೆಗಳನ್ನು ಹತ್ತಿರ ತನ್ನಿ. ನೇರ ಮಾಡಿದ ಕೈಯನ್ನು ಬೆನ್ನ ಹಿಂದಕ್ಕೆ ಮಾತ್ರ ಒಯ್ಯಬೇಡಿ: ಬೈಸೆಪ್ಸ್ ಭುಜವನ್ನೂ ದಾಟುವುದರಿಂದ ಎರಡೂ ತುದಿಯಿಂದ ಎಳೆದಂತಾಗುತ್ತದೆ. ಎತ್ತುವ ಭಾರಕ್ಕೆ ಮಿತಿ ಕಾಫಿ ಲೋಟ.

ಎಣ್ಣೆ ಹಚ್ಚಿ ಜಗ್ಗಿ 'ಬಿಡಿಸುವವರಿಗೆ' ಕೈ ಕೊಡಬೇಡಿ. ಬಿಗಿತ ತಾನಾಗಿ ಬಿಡುತ್ತದೆ. ಜಗ್ಗಿದರೆ ಹೊಲಿಗೆ ಸಡಿಲವಾಗುತ್ತದೆ, ಬೇಡದ ಮೂಳೆ ಬೆಳೆಯಲೂ ಬಲವಂತ ಒಂದು ಕಾರಣವೆಂದು ಅನೇಕ ವೈದ್ಯರು ಎಣಿಸುತ್ತಾರೆ. ತಿರುಗುವಿಕೆ ಸುಧಾರಿಸುತ್ತಾ ಬಂದು ಆಮೇಲೆ ದಿನೇದಿನೇ ಕಡಿಮೆಯಾಗತೊಡಗಿದರೆ ಎಕ್ಸ್‌ರೇ ತೆಗೆಸಿ.

6ರಿಂದ 12ನೇ ವಾರ

ಬ್ರೇಸ್ ಹೋಗುತ್ತದೆ. ಈಗ ಭಾರವಿಲ್ಲದೆ ತಾನಾಗಿ ಮಡಚುವುದು, ತಿರುಗಿಸುವುದು. ಕೈಯಲ್ಲಿ ಕಲಸಿ ಉಣ್ಣುವುದೇ ಒಳ್ಳೆಯ ವ್ಯಾಯಾಮ, ಮಡಚುವಿಕೆ ಮತ್ತು ತಿರುವು ಎರಡೂ ಅದರಲ್ಲಿದೆ. ಕಾರು ಓಡಿಸಲು, ಹಠಾತ್ತನೆ ಸ್ಟಿಯರಿಂಗ್ ತಿರುಗಿಸುವ ಧೈರ್ಯವಿದ್ದು ವೈದ್ಯರು ಒಪ್ಪಿದ ಮೇಲೆ. ದ್ವಿಚಕ್ರಕ್ಕೆ ಇನ್ನೂ ಕೆಲವು ವಾರ ಕಾಯಿರಿ: ರಸ್ತೆಯ ಗುಂಡಿಗೆ ಬಿದ್ದಾಗ ಹ್ಯಾಂಡಲ್ ಕೊಡುವ ಏಟು, ಸೆಂಟರ್ ಸ್ಟ್ಯಾಂಡ್ ಹಾಕುವ ಎಳೆತ ಎರಡೂ ನೇರ ರಜ್ಜುವಿಗೇ.

ಎಂಟನೇ ವಾರದ ಆಸುಪಾಸಿನಲ್ಲಿ ಫಿಸಿಯೋ ಒಪ್ಪಿದರೆ ಅರ್ಧ ಲೀಟರ್ ನೀರಿನ ಬಾಟಲಿಯಿಂದ ಶುರು. ಅಂದರೆ ಅರ್ಧ ಕೆ.ಜಿ. ತಿರುವಿಗೆ ಸಾಧಾರಣ ಸುತ್ತಿಗೆ ಸಾಕು. ಮೊದಲು ಸುತ್ತಿಗೆಯ ತಲೆಯ ಹತ್ತಿರ ಹಿಡಿದು ನಿಧಾನ ಅತ್ತಿತ್ತ ವಾಲಿಸಿ, ವಾರ ಕಳೆದಂತೆ ಹಿಡಿತವನ್ನು ಹಿಡಿಕೆಯ ತುದಿಯತ್ತ ಸರಿಸಿ. ಭಾರ ಅದೇ, ಎಳೆತ ಹೆಚ್ಚುತ್ತದೆ. ಮರುದಿನ ಬೆಳಿಗ್ಗೆ ಮೊಣಕೈ ಮಡಿಕೆ ನೋಯುತ್ತಿದ್ದರೆ ಹಿಂದಿನ ದಿನ ಅತಿಯಾಗಿತ್ತು, ಒಂದು ಹೆಜ್ಜೆ ಹಿಂದೆ ಬನ್ನಿ.

ಮೂರು ತಿಂಗಳ ನಂತರ

ವ್ಯಾಯಾಮದ ಭಾರ 1 ಕೆ.ಜಿ.ಯಿಂದ ಮೇಲೆ ವಾರಕ್ಕೆ ಅರ್ಧ ಕೆ.ಜಿ.ಯಂತೆ ಏರುವುದು ಹದವಾದ ವೇಗ. ತುಂಬಿದ ಬಕೆಟ್ ಎಂದರೆ ಸುಮಾರು 15 ಕೆ.ಜಿ., ತುಂಬಿದ ಅಡುಗೆ ಅನಿಲದ ಸಿಲಿಂಡರ್ ಎಂದರೆ 14.2 ಕೆ.ಜಿ. ಅನಿಲ ಮತ್ತು ಹೆಚ್ಚುಕಡಿಮೆ ಅಷ್ಟೇ ತೂಕದ ಕಬ್ಬಿಣ. ಬಕೆಟ್ಟಿಗೆ ನಾಲ್ಕು ತಿಂಗಳು ದಾಟಲಿ, ಸಿಲಿಂಡರಿಗೆ ಆರು. ಮಡಚಿದ ಕೈಯನ್ನು ಭಾರ ನೇರಕ್ಕೆ ಎಳೆಯುವಾಗಲೇ ರಜ್ಜು ಕೀಳುವುದು, ಹಾಗಾಗಿ ಜಿಮ್ಮಿನಲ್ಲಿ ಇಳಿಸುವ ವ್ಯಾಯಾಮಗಳು ಕೊನೆಗೆ ಬರಲಿ. ಡೆಡ್‌ಲಿಫ್ಟಿಗೆ ಮರಳುವವರು ಒಂದು ಅಂಗೈ ಮುಂದೆ, ಒಂದು ಹಿಂದೆ ಎಂಬ ಹಿಡಿತವನ್ನು ಬಿಟ್ಟೇ ಬಿಡಿ: ಮುಂದಕ್ಕೆ ತಿರುಗಿದ ಅಂಗೈಯ ಬೈಸೆಪ್ಸೇ ಹೆಚ್ಚಾಗಿ ಕೀಳುವುದು. ಎರಡೂ ಅಂಗೈ ಹಿಂದಕ್ಕಿರಲಿ, ಹಿಡಿತ ಸಾಲದಿದ್ದರೆ ಮಣಿಕಟ್ಟನ್ನು ಕಂಬಿಗೆ ಕಟ್ಟುವ ಜಿಮ್ ಪಟ್ಟಿ ಬಳಸಿ.

ಬಲ ಒಂದು ವರ್ಷದವರೆಗೂ ಏರುತ್ತಲೇ ಇರುತ್ತದೆ. ಮಡಚುವ ಬಲ ಹೆಚ್ಚುಕಡಿಮೆ ಪೂರ್ತಿ ಮರಳುತ್ತದೆ. ತಿರುವಿನ ಬಲದಲ್ಲಿ ಸ್ವಲ್ಪ ಕೊರತೆ ಉಳಿದರೂ ಅಳತೆಯ ಯಂತ್ರಕ್ಕೆ ಗೊತ್ತಾಗುತ್ತದೆಯೇ ಹೊರತು ಹೆಚ್ಚಿನವರಿಗೆ ದಿನದ ಕೆಲಸದಲ್ಲಿ ತಿಳಿಯುವುದಿಲ್ಲ. ಗುಂಡಿಯನ್ನು ಹೊರಗೆ ತೆಗೆಯುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಮುಂದೆ ಯಾವಾಗಲಾದರೂ ಎಂಆರ್‌ಐ ಮಾಡಿಸಬೇಕಾದರೆ ಅದರ ಮುಂಚೆ ಆ ಹಳೆಯ ಸ್ಟಿಕರ್ ತೋರಿಸಿ.